ಕೈತೋಟಕ್ಕೆ ಮೊದಲು ಬೇಕಾದದ್ದು ಬೀಜ

ಸಭೆ ಮುಗಿಸಿ ಮನೆಗೆ ಬಂದವನು ಕೈಕಾಲು ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಶಾಲಾ ಕೈತೋಟದ ಯೋಜನೆ ಎಂದು ಎಲ್ಲರಿಗೂ ಒಂದು ಹಾಳೆ ಹಂಚಿದರು. ತಂತಿಬೇಲಿ, ಹನಿ ನೀರಾವರಿ, ನಡೆದಾಡಲು ಕಲ್ಲುಹಾಸು, ದಾನಿಗಳ ಹೆಸರಿಗೆ ಗ್ರಾನೈಟ್ ಫಲಕ. ಒಟ್ಟು ಒಂದೂಮುಕ್ಕಾಲು ಲಕ್ಷ. ಬೀಜ ಎಂಬ ಪದಕ್ಕಾಗಿ ಎರಡು ಸಲ ಹುಡುಕಿದೆ, ಸಿಗಲಿಲ್ಲ. ಕೇಳಿದ್ದಕ್ಕೆ, "ಹಣ ಬಂದ ಮೇಲೆ ಆರಂಭಿಸೋಣ ಮೇಷ್ಟ್ರೇ" ಎಂದರು.

ನಮ್ಮ ಶಾಲೆ ನಿಮಗೆಲ್ಲ ಗೊತ್ತು. ಚಿತ್ರದುರ್ಗದ ಬಯಲು, ಕಡಿಮೆ ಮಳೆ, ಕಾಂಪೌಂಡ್ ಇಲ್ಲ, ನಲವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರು. ಜೂನ್ ಎರಡನೇ ವಾರ ಅಡುಗೆಮನೆಯ ಹಿಂದೆ ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದೇ ಒಂದು ಮಡಿ ಮಾಡಿದೆವು. ಮೂರಕ್ಕಿಂತ ಹೆಚ್ಚಾದರೆ ಚಿಕ್ಕವರ ಕೈ ನಡುವಿಗೆ ಎಟುಕದು, ಮಡಿ ತುಳಿಯುತ್ತಾರೆ. ದಂಟು, ಮೆಂತ್ಯ, ಮೂಲಂಗಿ, ಅಲಸಂದೆ ಬೀಜಕ್ಕೆ 120 ರೂಪಾಯಿ, ಕೈಗುದ್ದಲಿಗೆ 150. ಗೊಬ್ಬರ ಮಕ್ಕಳ ಮನೆಯ ತಿಪ್ಪೆಯದು. ಮೇಕೆಗಳು ನುಗ್ಗದಂತೆ ಪೋಷಕರು ಜಾಲಿಮುಳ್ಳು ಕಡಿದು ತಂದು ಕಟ್ಟಿದರು. ತೇವ ಆರದಿರಲೆಂದು ಮೇಲೆ ಶೇಂಗಾ ಹೊಟ್ಟು ಹರಡಿದೆವು. ನೀರೆಲ್ಲಿಂದ ಎನ್ನುತ್ತೀರಾ? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಅಡುಗೆಯಮ್ಮ ಬಕೆಟ್ಟಿನಲ್ಲಿ ಎತ್ತಿಡುತ್ತಾರೆ. ಸಂಜೆ ಮನೆಗೆ ಹೊರಡುವಾಗ ಪ್ರತಿ ಮಗುವೂ ಬಾಟಲಿಯಲ್ಲಿ ಉಳಿದ ನೀರನ್ನು ಮಡಿಗೆ ಸುರಿದು ಹೋಗುತ್ತದೆ.

ಅಲಸಂದೆ ಊರಿದ ದಿನವನ್ನು ನಾನು ಮರೆಯಲಾರೆ. ಗೇಣಿಗೊಂದು ಬೀಜ ಎಂದಿದ್ದೆ. ಒಂದು ಸಾಲು ನನ್ನದು, ಪಕ್ಕದ ಸಾಲು ಮೂರನೇ ತರಗತಿಯ ಹುಡುಗಿಯದು. ನನ್ನ ಸಾಲಿನಲ್ಲಿ 13 ಬೀಜ, ಅವಳದರಲ್ಲಿ 20. "ಸರ್, ಸಾಲು ಒಂದೇ ಉದ್ದ, ನಿಮಗ್ಯಾಕೆ ಕಡಿಮೆ?" ಎಂದು ಕೇಳಿದಳು. ನನ್ನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟು ನೋಡಿದಳು. ನೋಡಿದವಳೇ ಒಳಗೆ ಓಡಿ ಸ್ಕೇಲು ತಂದಳು. ಅಳತೆಗೆ ಒಂದೇ ಮಾನ ಏಕೆ ಬೇಕು ಎಂದು ಹನ್ನೆರಡು ವರ್ಷ ಕಪ್ಪುಹಲಗೆಯ ಮೇಲೆ ಹೇಳಿದ್ದೇನೆ. ಅಷ್ಟು ಚೆನ್ನಾಗಿ ಒಮ್ಮೆಯೂ ಹೇಳಿಲ್ಲ.

ಒಂದೂಮುಕ್ಕಾಲು ಲಕ್ಷದ ಹಾಳೆಯಲ್ಲಿ ಈ ಹುಡುಗಿಗೆ ಏನು ಕೆಲಸವಿದೆ? ಕಲ್ಲುಹಾಸಿನ ಮೇಲೆ ಸಾಲಾಗಿ ನಿಲ್ಲುವುದು, ಚಪ್ಪಾಳೆ ತಟ್ಟುವುದು.

ಸಮಯವಿಲ್ಲ ಎಂಬ ಮಾತೂ ಬಂತು. ಪಾಠ, ಹಾಜರಾತಿ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲವೂ ನಿಜ, ನಾನೂ ಅದರಲ್ಲೇ ಮುಳುಗಿರುವವನು. ಆದರೆ ಒಂದು ಮಡಿಗೆ ಪ್ರಾರ್ಥನೆಯ ನಂತರದ ಹತ್ತು ನಿಮಿಷ, ಶನಿವಾರದ ಅರ್ಧ ಗಂಟೆ ಸಾಕು. ಬೇಸಿಗೆ ರಜೆಯಲ್ಲಿ ಒಣಗುತ್ತದಲ್ಲ ಎಂದರು. ಒಣಗಲಿ! ಜೂನ್‌ನಲ್ಲಿ ಬಿತ್ತಿದ್ದನ್ನು ದಸರಾ ರಜೆಯೊಳಗೆ ತಿಂದು ಮುಗಿಸುತ್ತೇವೆ. ಬೇಸಿಗೆಯಲ್ಲಿ ಮಣ್ಣಿಗೂ ರಜೆ.

ಈ ಬುದ್ಧಿ ನನಗೆ ಮೊದಲೇ ಇರಲಿಲ್ಲ. ಹಿಂದಿನ ಶಾಲೆಯಲ್ಲಿ ವನಮಹೋತ್ಸವಕ್ಕೆಂದು ಬಂದ ಐವತ್ತು ಸಸಿಗಳನ್ನು ಒಂದೇ ದಿನ ನೆಡಿಸಿದ್ದೆ. ಮಾರ್ಚ್‌ಗೆ ನಾಲ್ಕು ಉಳಿದಿದ್ದವು. ಒಣಗಿದ ಕಡ್ಡಿಗೆ ಒಬ್ಬ ಹುಡುಗ ಆಗಲೂ ನೀರು ಹಾಕುತ್ತಿದ್ದ. ಅವನಿಗೆ ಸಾಕು ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ನೋವು ಇನ್ನೂ ಇದೆ.

ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಶಾಲಾ ಪೌಷ್ಟಿಕ ತೋಟದ ಮಾರ್ಗಸೂಚಿಯೇ, ಜಾಗವಿಲ್ಲದಿದ್ದರೆ ಕುಂಡ, ಡಬ್ಬ, ಚೀಲಗಳಲ್ಲಿ ಬೆಳೆಯಿರಿ ಎನ್ನುತ್ತದೆ. ಗ್ರಾನೈಟ್ ಫಲಕಕ್ಕಾಗಿ ಕಾಯುವಂತೆ ಯಾರೂ ಹೇಳಿಲ್ಲ.

ಇಪ್ಪತ್ತೆಂಟನೇ ದಿನ ಮೊದಲ ದಂಟಿನ ಸೊಪ್ಪು ಕಿತ್ತೆವು. ಎರಡು ಕಟ್ಟು ಆಯಿತು, ನಲವತ್ತು ತಟ್ಟೆಗೆ ಎಲ್ಲಿಯ ಲೆಕ್ಕ. ಅಡುಗೆಯಮ್ಮ ಸಾಂಬಾರಿಗೆ ಹಾಕಿದರು. ಸೊಪ್ಪು ಕಂಡರೆ ತಟ್ಟೆಯಂಚಿಗೆ ತಳ್ಳುತ್ತಿದ್ದ ಹುಡುಗನೊಬ್ಬ ಅಂದು ತನ್ನ ಪಾಲಿಗೆ ಬಂದ ಎಲೆಯನ್ನು ಬೆರಳಿನಿಂದ ಎತ್ತಿ, "ಇದು ನಮ್ಮದು" ಎಂದು ಪಕ್ಕದವನಿಗೆ ತೋರಿಸಿ ಬಾಯಿಗೆ ಹಾಕಿಕೊಂಡ.

ಎರಡನೇ ಮಡಿಗೆ ಮಣ್ಣು ಅಗೆದಿಟ್ಟಿದ್ದೇವೆ. ಮನೆಯಲ್ಲಿ ಬಸಳೆ ಇರುವವರು ಗೇಣುದ್ದದ ನಾಲ್ಕು ತುಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡಿ. ಸೋಮವಾರ ಬೆಳಿಗ್ಗೆ ನಾನೇ ಬಂದು ಒಯ್ಯುತ್ತೇನೆ.