ಗಂಭೀರ ಆರೋಪ ಕೇಳಿಬಂದಿದೆ

ನಿನ್ನೆ ರಾತ್ರಿ ಟಿವಿ ನೋಡಿದವರಿಗೆಲ್ಲ ಗೊತ್ತೇ ಇದೆ, ಯಾರು ಯಾರ ಮೇಲೆ ಏನು ಆರೋಪ ಮಾಡಿದರು ಅಂತ. ನೋಡದಿದ್ದರೂ ಚಿಂತೆಯಿಲ್ಲ, ಹೆಸರು ಅದಲು ಬದಲು ಮಾಡಿ ಇವತ್ತೂ ಅದನ್ನೇ ಹಾಕುತ್ತಾರೆ.

'ಆರೋಪ ಕೇಳಿಬಂದಿದೆ.' ಎಂಥ ಸೊಗಸಾದ ಸಾಲು! ಯಾರೂ ಮಾಡಿದ್ದಲ್ಲ, ಅಶರೀರವಾಣಿಯಂತೆ ತಾನಾಗೇ ಕೇಳಿಬಂದದ್ದು. ಅದೂ ಯಾವಾಗಲೂ 'ಗಂಭೀರ' ಆರೋಪವೇ. ಸುಮಾರಾದ ಆರೋಪ, ಪರವಾಗಿಲ್ಲ ಅನ್ನುವಂಥ ಆರೋಪ ಯಾರಾದರೂ ಮಾಡಿದ್ದು ಕೇಳಿದ್ದೀರಾ? ಉತ್ತರವೂ ರೆಡಿ ಇರುತ್ತದೆ: ಸತ್ಯಕ್ಕೆ ದೂರ, ರಾಜಕೀಯ ಪ್ರೇರಿತ, ದಾಖಲೆ ಇದ್ದರೆ ಕೊಡಲಿ. ಆಗ ಜೇಬಿನಿಂದ ಒಂದು ಪೆನ್‌ಡ್ರೈವ್ ಹೊರಗೆ ಬರುತ್ತದೆ, ಕ್ಯಾಮೆರಾಗೆ ಮುಖ ತೋರಿಸುತ್ತದೆ, ಮತ್ತೆ ಜೇಬಿಗೆ ಹೋಗುತ್ತದೆ. 'ಸಮಯ ಬಂದಾಗ' ಬಿಡುಗಡೆಯಂತೆ. ಒಳಗೆ ಏನಿದೆಯೋ, ಹಳೇ ಸಿನಿಮಾ ಹಾಡುಗಳೂ ಇರಬಹುದು.

ನಮ್ಮ ಸುದ್ದಿಮನೆಯವರ ವ್ಯಾಕರಣ ಜ್ಞಾನವನ್ನು ಮಾತ್ರ ಮೆಚ್ಚಲೇಬೇಕು. ಮೊಬೈಲ್ ಕದ್ದ ಆರೋಪ ಇದ್ದವನು ಸಿಕ್ಕಿಬಿದ್ದ ಗಂಟೆಯಲ್ಲೇ 'ಖದೀಮ'. ಆರೋಪಿ ಅನ್ನುವ ಮರ್ಯಾದೆಯೂ ಇಲ್ಲ, ಏಕವಚನ ಬೇರೆ. ಕೋಟಿಗಟ್ಟಲೆ ನುಂಗಿದ ಆರೋಪ ಇದ್ದವರು ಕೊನೇವರೆಗೂ 'ಅವರು'. ಚಾರ್ಜ್‌ಶೀಟ್ ಬಿದ್ದರೂ ಬಹುವಚನ ಅಲ್ಲಾಡುವುದಿಲ್ಲ. ಜಾಮೀನು ಸಿಕ್ಕಿದರೆ ಹಾರ, ಪಟಾಕಿ, ತೆರೆದ ಜೀಪು. ಸಾಕ್ಷಿ ಸಿಗಲಿಲ್ಲ ಅಂತ ಪೊಲೀಸರು ಬಿ ರಿಪೋರ್ಟ್ ಹಾಕಿದರಂತೂ 'ಸತ್ಯಕ್ಕೆ ಸಂದ ಜಯ'. ಒಂದೂ ಕೇಸಿಲ್ಲದ ರಾಜಕಾರಣಿಯನ್ನು ಜನ ಪಾಪ ಅಂತ ನೋಡುವ ಕಾಲ ಇದು.

ನಗು ಬರುತ್ತದೆ, ನಿಜ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) 2022ರ ಲೆಕ್ಕ ತೆಗೆದು ನೋಡಿ. ದೇಶದ ಜೈಲುಗಳಲ್ಲಿ ಇದ್ದವರು ಸುಮಾರು 5.73 ಲಕ್ಷ ಜನ. ಅದರಲ್ಲಿ 4.34 ಲಕ್ಷ ಜನ ಬರೀ ವಿಚಾರಣಾಧೀನ ಕೈದಿಗಳು. ಅಂದರೆ ತಪ್ಪು ಸಾಬೀತಾಗಿಲ್ಲ, ಆರೋಪ ಇದೆ ಅಷ್ಟೇ. 2024ರ ಜುಲೈ 1ರಿಂದ ಹೊಸ ಕಾನೂನು ಬಂತು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 479ನೇ ಸೆಕ್ಷನ್ ಬಹಳ ಉದಾರಿ. ಮರಣದಂಡನೆ, ಜೀವಾವಧಿಯ ಕೇಸಲ್ಲದಿದ್ದರೆ, ಬೇರೆ ಕೇಸುಗಳೂ ಇಲ್ಲದಿದ್ದರೆ, ಹಿಂದೆ ಶಿಕ್ಷೆಯಾಗದವನನ್ನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದ ಮೇಲೆ ಬಾಂಡ್ ಬರೆಸಿಕೊಂಡು ಬಿಡಬೇಕಂತೆ. ಶಿಕ್ಷೆ ಮೊದಲು, ತೀರ್ಪು ಆಮೇಲೆ ನೋಡೋಣ!

ಜಾಮೀನು ಮಂಜೂರಾಗಿದ್ದೂ ಶ್ಯೂರಿಟಿ ಕೊಡುವವರು ಸಿಗದೆ ಒಳಗೇ ಕೊಳೆಯುವವರಿದ್ದಾರೆ. ಅವರ ಬಗ್ಗೆ ಯಾವ ಚಾನೆಲ್ ರಾತ್ರಿ ಒಂಬತ್ತಕ್ಕೆ ಚರ್ಚೆ ಇಡುತ್ತದೆ ಹೇಳಿ? ಇಡುವುದಿಲ್ಲ. ಟಿಆರ್‌ಪಿ ಬರುವುದಿಲ್ಲವಲ್ಲ.