ಓದುಗರ ಹಂಗಿಲ್ಲದೆ ಬೆಸ್ಟ್ ಸೆಲ್ಲರ್ ಆಗುವುದು ಹೇಗೆ?

ಇನ್ನೊಬ್ಬ ಲೇಖಕರು ಅಮೆಜಾನ್‌ನಲ್ಲಿ ನಂಬರ್ ಒನ್ ಆಗಿದ್ದಾರೆ. ಸ್ಕ್ರೀನ್‌ಶಾಟ್ ನೀವೂ ನೋಡಿರುತ್ತೀರಿ. ಮುಖಪುಟದ ಪಕ್ಕ ಕಿತ್ತಳೆ ಬಣ್ಣದ ಪಟ್ಟಿ, ಕೆಳಗೆ ಸಾಲುಸಾಲು ಅಭಿನಂದನೆ. ಯಾವ ವಿಭಾಗದಲ್ಲಿ ನಂಬರ್ ಒನ್ ಎಂದು ಬರೆದಿರುವ ಜಾಗ ಮಾತ್ರ ಚಿತ್ರದಲ್ಲಿಲ್ಲ. ಆ ಕತ್ತರಿ ಕೆಲಸದ ನಾಜೂಕು ನೋಡಿದರೆ ಅದಕ್ಕೇ ಒಂದು ಪ್ರಶಸ್ತಿ ಇಡಬೇಕು ಅನ್ನಿಸುತ್ತದೆ.

ಇದನ್ನು ಕಲಿಸಲು ಕೋರ್ಸುಗಳಿವೆ. ಪಾಠ ಸರಳ. ಅಮೆಜಾನ್‌ನ ಕೆಡಿಪಿಯಲ್ಲಿ, ಅಂದರೆ ಲೇಖಕರೇ ಪುಸ್ತಕ ಪ್ರಕಟಿಸಿಕೊಳ್ಳುವ ವೇದಿಕೆಯಲ್ಲಿ, ಒಂದು ಪುಸ್ತಕಕ್ಕೆ 3 ವಿಭಾಗ ಆರಿಸಬಹುದು. ಕಾದಂಬರಿ ಬರೆದು ಕಾದಂಬರಿ ವಿಭಾಗಕ್ಕೇ ಹಾಕುವವರು ದಡ್ಡರು; ಅಲ್ಲಿ ಓದುಗರಿದ್ದಾರೆ, ಹಾಗಾಗಿ ಪೈಪೋಟಿಯೂ ಇದೆ. ಯಾರೂ ತಲೆಹಾಕದ ಮೂಲೆ ಹುಡುಕಬೇಕು. ನಾಯಕಿಯ ಅಜ್ಜ ಅರ್ಧ ಪುಟದಲ್ಲಿ ಜೇನುಹುಳ ಕಂಡಿದ್ದರೆ ಸಾಕು, ಕೃತಿ ಜೇನು ಸಾಕಣೆಗೆ ಸೇರಿತು. ರ‍್ಯಾಂಕ್ ಆಗಾಗ ಬದಲಾಗುತ್ತಿರುವುದರಿಂದ ನೆಂಟರಿಷ್ಟರೆಲ್ಲ ಒಂದೇ ಹೊತ್ತಿಗೆ ಕೊಳ್ಳಬೇಕು. ಮೂರು ಗಂಟೆಗೆ ಪಟ್ಟಾಭಿಷೇಕ, ಐದಕ್ಕೆ ಮಾಜಿ. ಬಿರುದು ಮಾತ್ರ ಆಜೀವ.

2016ರಲ್ಲಿ ಮಾರ್ಕೆಟಿಂಗ್ ಕಸುಬಿನ ಒಬ್ಬ ಆಸಾಮಿ ತನ್ನ ಬರಿಗಾಲಿನ ಒಂದು ಫೋಟೊವನ್ನೇ ಪುಸ್ತಕವೆಂದು ಏರಿಸಿದ. ಮೂರು ಪ್ರತಿ ಹೋಗುವಷ್ಟರಲ್ಲಿ ಅವನು ಆರಿಸಿದ್ದ ವಿಭಾಗದ ನಂಬರ್ ಒನ್ ಪಟ್ಟ ಪಾದಕ್ಕೆ ಸಿಕ್ಕಿತು. ಬಿರುದಿನ ಬಂಡವಾಳ ಇಷ್ಟೇ ಎಂದು ಬಯಲಿಗೆಳೆಯುವುದು ಅವನ ಉದ್ದೇಶವಾಗಿತ್ತು. ಜನ ನಾಚಿಕೊಳ್ಳುವ ಬದಲು ನೋಟ್ಸ್ ಮಾಡಿಕೊಂಡರು. ಇಂದಿನ ಗುರುಗಳೆಲ್ಲ ಗಟ್ಟಿಯಾಗಿ ಹಿಡಿದಿರುವುದು ಅದೇ ಪಾದವನ್ನು.

ಮೂವರು ನೆಂಟರೂ ಇಲ್ಲದವರಿಗೆ ಬೇರೆ ದಾರಿಯಿದೆ. ಕೆಡಿಪಿ ಸೆಲೆಕ್ಟ್ ಎಂಬ ಯೋಜನೆಗೆ ಸೇರಿಸಿದರೆ 90 ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಕೊಡುವಂತಿಲ್ಲ. ಅದರಲ್ಲಿ 5 ದಿನ ಪುಕ್ಕಟೆ ಹಂಚಬಹುದು. ಪುಕ್ಕಟೆ ಪುಸ್ತಕಗಳ ಪಟ್ಟಿಯೇ ಬೇರೆ. ಅದರಲ್ಲಿ ಮೊದಲ ಸ್ಥಾನ ಬಂದರೆ, ಒಂದು ಪ್ರತಿಯನ್ನೂ ಮಾರದೆ ಅತಿ ಹೆಚ್ಚು ಮಾರಾಟವಾದ ಕೃತಿಯ ಕರ್ತೃ ನೀವು. ‘ಫ್ರೀ’ ಎಂಬ ಪದ ಇರುವ ಕಡೆ ಮತ್ತೆ ಕತ್ತರಿ ಆಡಿಸಿದರಾಯಿತು.

ವಿಮರ್ಶೆಯದೊಂದು ತಕರಾರು. ಮನೆಯವರು, ಆಪ್ತ ಸ್ನೇಹಿತರು ಬರೆಯುವಂತಿಲ್ಲ ಎಂಬ ನಿಯಮವಿದೆ. ಬಿಡುಗಡೆಯ ರಾತ್ರಿ ಲೇಖಕರದೇ ಮನೆತನದ ಹೆಸರು ಹೊತ್ತು ಬಂದ ಐದು ನಕ್ಷತ್ರಗಳು ಒಂದು ದಿನ ಉದುರಿಹೋಗುತ್ತವೆ. ಅಪರಿಚಿತ ಓದುಗರಿಗೆ ಮುಂಗಡ ಪ್ರತಿ ಕೊಡಬಹುದು. ಬರೆಯಲೇಬೇಕು, ಹೊಗಳಲೇಬೇಕು ಎಂಬ ಷರತ್ತು ಕೂಡದು. ಆ ಪ್ರತಿಯನ್ನು ಬಿಡುಗಡೆಗೆ ಆರೆಂಟು ವಾರ ಮೊದಲೇ ಕಳಿಸಬೇಕು. ನಮ್ಮವರು ಹಿಂದಿನ ಸಂಜೆ ಪಿಡಿಎಫ್ ತೂರಿ, ಬೆಳಗಾಗುತ್ತಲೇ ‘ಓದಿದಿರಾ?’ ಎಂದು ಕೇಳುತ್ತಾರೆ.

ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸಗಳಿಗೆ ಗ್ಲಾಮರ್ ಇಲ್ಲ. ಕೀವರ್ಡಿಗೆಂದು, ಅಂದರೆ ಓದುಗರು ಹುಡುಕುವಾಗ ಬಳಸುವ ಪದಗಳಿಗೆಂದು, 7 ಖಾನೆಗಳಿರುತ್ತವೆ. ಅಲ್ಲಿ ‘ಅದ್ಭುತ’, ‘ಮನಮುಟ್ಟುವ’, ‘ಅಪೂರ್ವ’ ಎಂದು ತುಂಬುತ್ತಾರೆ. ಓದುವವರು ‘ಅಪೂರ್ವ’ ಎಂದು ಯಾಕೆ ಹುಡುಕುತ್ತಾರೆ? ‘ಹಡಗಿನಲ್ಲಿ ಕೊಲೆ ಪತ್ತೇದಾರಿ’ ಎಂದು ಹುಡುಕುತ್ತಾರೆ. ಫೋನಿನ ಪರದೆಯಲ್ಲಿ ಮುಖಪುಟ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ. ಅಷ್ಟರಲ್ಲೇ ಸೂರ್ಯಾಸ್ತ, ಹಕ್ಕಿ, ಒಂದು ಜೊತೆ ಕಣ್ಣು, ಎರಡು ಸಾಲು ಉಪಶೀರ್ಷಿಕೆ. ಹೆಸರೇ ಓದಲಾಗದು. ಪರಿಚಯದಲ್ಲಿ ಮೊದಲ ಕೆಲವು ಸಾಲು ಮಾತ್ರ ತೆರೆದಿರುತ್ತವೆ, ಉಳಿದದ್ದಕ್ಕೆ ಒತ್ತಬೇಕು. ಆ ಸಾಲುಗಳನ್ನೂ ‘ಬಾಲ್ಯದಿಂದಲೇ ಸಾಹಿತ್ಯಾಸಕ್ತಿ ಹೊಂದಿರುವ ಲೇಖಕರು’ ನುಂಗಿಬಿಟ್ಟಿರುತ್ತಾರೆ. ಕಥೆ ಏನೆಂದು ಯಾರಿಗೂ ತಿಳಿಯುವುದಿಲ್ಲ. ಇದನ್ನು ತಿದ್ದಲು ಒಂದು ಮಧ್ಯಾಹ್ನ ಸಾಕು, ಆದರೆ ಅದರ ಸ್ಕ್ರೀನ್‌ಶಾಟ್ ಹಾಕಲು ಬರುವುದಿಲ್ಲವಲ್ಲ.

ಲೇಖಕರನ್ನು ಗೇಲಿ ಮಾಡುವುದು ಸುಲಭ, ಇಲ್ಲಿಯವರೆಗೆ ಮಾಡಿದ್ದೂ ಆಯಿತು. ಅವರನ್ನು ಬೀದಿಗೆ ಇಳಿಸಿದ್ದು ಯಾರು? ಹಸ್ತಪ್ರತಿ ತೆರೆಯುವ ಮೊದಲೇ ‘ಫಾಲೋವರ್ಸ್ ಎಷ್ಟಿದ್ದಾರೆ?’ ಎಂದು ಕೇಳುವ ಪ್ರಕಾಶಕರು. ಪುಸ್ತಕ ಮಾರುವುದು ಅವರ ಕೆಲಸವಾಗಿತ್ತು, ಬೆಲೆಯಲ್ಲಿ ದೊಡ್ಡ ಪಾಲು ಇಟ್ಟುಕೊಂಡದ್ದೂ ಅದಕ್ಕೇ. ಈಗ ಕೆಲಸ ಲೇಖಕರ ಮೈಮೇಲೆ ಬಂದಿದೆ, ಪಾಲು ಅಲ್ಲೇ ಉಳಿದಿದೆ. ವರ್ಷಗಟ್ಟಲೆ ಒಂದು ವಾಕ್ಯ ತಿದ್ದುತ್ತ ಕೂತವರಿಗೆ ಕ್ಯಾಮೆರಾ ಮುಂದೆ ಪುಸ್ತಕ ಹಿಡಿದು ಕುಣಿಯಿರಿ ಎನ್ನುತ್ತಾರೆ. ಕುಣಿಯದಿದ್ದರೆ ರೀಚ್, ಅಂದರೆ ಪೋಸ್ಟ್ ತಲುಪುವವರ ಸಂಖ್ಯೆ, ಬೀಳುತ್ತದೆ. ಕುಣಿಯುವ ಸಂಜೆಗಳು ಎರಡನೇ ಪುಸ್ತಕದ ಲೆಕ್ಕದಿಂದ ಹೋಗುತ್ತವೆ, ಅದು ತಡವಾಯಿತೆಂದರೆ ಪ್ರಕಾಶಕರು ಫೋನೇ ಎತ್ತುವುದಿಲ್ಲ.