ರೋಗಾಣುಗಳ ಸಂಕೇತ ಕೆಡಿಸುವುದು ಚಿಕಿತ್ಸೆಯಾದೀತೇ?

ಪರ

ಕೋರಂ ಇಲ್ಲದ ಸಭೆಯಲ್ಲಿ ಯಾವ ಠರಾವೂ ಪಾಸಾಗುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲೂ ಇಂಥದೊಂದು ತಲೆಲೆಕ್ಕವಿದ್ದು, 1994ರಲ್ಲಿ ಅದಕ್ಕೆ ‘ಕೋರಂ ಸೆನ್ಸಿಂಗ್’ ಎಂದೇ ಹೆಸರಿಟ್ಟರು. ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ರೋಗಾಣುವಿನ ಕೋಶಗಳು ಹೋಮೊಸೆರಿನ್ ಲ್ಯಾಕ್ಟೋನ್ ವರ್ಗದ ಪುಟ್ಟ ಅಣುಗಳನ್ನು ಹೊರಗೆ ಬಿಡುತ್ತಿರುತ್ತವೆ. ಸುತ್ತಲಿನ ಕೋಶಗಳು ಹೆಚ್ಚಿದಂತೆ ಅವುಗಳ ಸಾಂದ್ರತೆ ಏರಿ, ಒಂದು ಮಟ್ಟ ದಾಟಿದೊಡನೆ ಅಣುವು ಕೋಶದೊಳಗಿನ ಲಾಸ್‌ಆರ್ ಪ್ರೋಟೀನನ್ನು ಹಿಡಿದು ನೂರಾರು ಜೀನ್‌ಗಳ ಕೆಲಸವನ್ನು ಬದಲಾಯಿಸುತ್ತದೆ.

ಬ್ಯಾಕ್ಟೀರಿಯಾಗಳು ಗುಂಪಾಗಿ ಮೇಲ್ಮೈಗೆ ಅಂಟಿ ಕಟ್ಟುವ ಲೋಳೆಪದರಕ್ಕೂ (ಬಯೋಫಿಲ್ಮ್) ಇದಕ್ಕೂ ಇರುವ ನಂಟು 1998ರ ಒಂದು ಪ್ರಯೋಗದಲ್ಲಿ ಕಣ್ಣಿಗೇ ಕಂಡಿತು. ಸಂಕೇತದ ಅಣುವನ್ನು ತಯಾರಿಸಲಾರದ ತಳಿಯೂ ಗಾಜಿಗೆ ಅಂಟಿಕೊಂಡಿತಾದರೂ ಅದರ ಪದರ ತೆಳ್ಳಗೆ, ಚಪ್ಪಟೆಯಾಗಿತ್ತು. ಎಸ್‌ಡಿಎಸ್ ಎಂಬ ಮಾರ್ಜಕವನ್ನು ಹರಿಸಿದಾಗ ಕಿತ್ತುಬಂತು. ಮೂಲ ತಳಿಯ ದಪ್ಪ ಪದರ ಜಪ್ಪಯ್ಯ ಎನ್ನಲಿಲ್ಲ. ಕೊರತೆಯಿದ್ದ ಅಣುವನ್ನು ಹೊರಗಿನಿಂದ ಬೆರೆಸಿದಾಗ ಚಪ್ಪಟೆ ತಳಿಯೂ ಗಟ್ಟಿ ಪದರವನ್ನೇ ಕಟ್ಟಿತು.

ಮೂತ್ರದ ಕ್ಯಾಥೆಟರ್‌ನಲ್ಲೋ ವೆಂಟಿಲೇಟರ್ ಕೊಳವೆಯಲ್ಲೋ ಇಂಥ ಲೋಳೆಪದರ ಕೂತರೆ ಆಂಟಿಬಯೋಟಿಕ್ ಮೇಲ್ಮೈಯನ್ನು ಸವರಿ ಸುಮ್ಮನಾಗುತ್ತದೆ, ಏಕೆಂದರೆ ಒಳಗಿನ ಕೋಶಗಳು ಬೆಳವಣಿಗೆಯನ್ನೇ ನಿಧಾನಿಸಿರುತ್ತವೆ. ಆದ್ದರಿಂದ ಕೊಲ್ಲುವ ಬದಲು ಸಂಕೇತವನ್ನೇ ಕೆಡಿಸಬೇಕೆಂಬ ವಾದದಲ್ಲಿ ತಿರುಳಿದೆ. ಆಸ್ಟ್ರೇಲಿಯಾದ ಕರಾವಳಿಯ ಡೆಲಿಸಿಯಾ ಪಲ್ಕ್ರಾ ಎಂಬ ಕೆಂಪು ಪಾಚಿ ಸಂಕೇತಕ್ಕೆ ಅಡ್ಡಿಯಾಗುವ ಫ್ಯುರನೋನ್ ಎಂಬ ರಾಸಾಯನಿಕಗಳನ್ನು ತಯಾರಿಸಿ ತನ್ನ ಮೈಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟದಂತೆ ಈ ಉಪಾಯವನ್ನೇ ಮಾಡುತ್ತದೆ. ಕೋಶ ಸಾಯದ ಕಡೆ ಪ್ರತಿರೋಧ ಬೆಳೆಸಿಕೊಳ್ಳುವ ಒತ್ತಡವೂ ಕಡಿಮೆಯೆಂಬ ನಿರೀಕ್ಷೆ ಇಲ್ಲಿದೆ.

ವಿರೋಧ

ಆ ನಿರೀಕ್ಷೆಗೆ ಆಗಲೇ ಪೆಟ್ಟು ಬಿದ್ದಿದೆ. ಫ್ಯುರನೋನನ್ನೇ ಹೊರದಬ್ಬುವ ಪಂಪುಗಳನ್ನು ಹೆಚ್ಚಿಸಿಕೊಂಡ ಸ್ಯೂಡೊಮೊನಾಸ್ ತಳಿಗಳು 2012ರಲ್ಲಿ ವರದಿಯಾದವು.

ಇದಕ್ಕಿಂತ ದೊಡ್ಡ ತೊಡಕೆಂದರೆ, ಸಂಕೇತಕ್ಕೆ ಎಲ್ಲ ರೋಗಾಣುಗಳಲ್ಲೂ ಒಂದೇ ಅರ್ಥವಿಲ್ಲ. ಕಾಲರಾದ ವಿಬ್ರಿಯೊ ಕೋಶಗಳು ವಿರಳವಾಗಿರುವಾಗಲೇ ಪದರ ಕಟ್ಟುತ್ತವೆ; ಸಂಖ್ಯೆ ಹೆಚ್ಚಿ ಸಂಕೇತ ತುಂಬಿಬಂದಾಗ ಹ್ಯಾಪ್‌ಆರ್ ಪ್ರೋಟೀನು ಲೋಳೆ ತಯಾರಿಸುವ ಜೀನ್‌ಗಳನ್ನು ಅದುಮಿ, ಕೋಶಗಳು ಕಳಚಿಕೊಂಡು ಕರುಳಿನಿಂದ ಹೊರಡುವಂತೆ ಮಾಡುತ್ತದೆ. ಇಲ್ಲಿ ಸಂಕೇತವನ್ನು ತಡೆದರೆ ಪದರ ಇನ್ನಷ್ಟು ದಪ್ಪವಾದೀತು. 2010ರಲ್ಲಿ ಸಂಶೋಧಕರು ಮಾಡಿದ್ದೂ ತದ್ವಿರುದ್ಧ: ವಿಬ್ರಿಯೊದ ಸಂಕೇತವನ್ನೇ ಬಿಡುವಂತೆ ಮಾರ್ಪಡಿಸಿದ ಇ. ಕೋಲಿ ಬ್ಯಾಕ್ಟೀರಿಯಾವನ್ನು ಕಾಲರಾ ಸೋಂಕಿಗೆ ಮೊದಲೇ ಇಲಿಮರಿಗಳಿಗೆ ಕುಡಿಸಿದಾಗ ಬದುಕುಳಿದ ಮರಿಗಳ ಸಂಖ್ಯೆ ಏರಿತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ರೋಗಾಣುವಿನದೂ ಇದೇ ಕಥೆ. ಅದರ ಎಜಿಆರ್ ಎಂಬ ಕೋರಂ ಸಂಕೇತದ ವ್ಯವಸ್ಥೆ ಚುರುಕಾದಾಗ ವಿಷಗಳು ಹೆಚ್ಚುತ್ತವೆ, ಪದರ ಚದುರುತ್ತದೆ. ಅದನ್ನು ಅಡಗಿಸಿದರೆ ವಿಷ ತಗ್ಗಿದರೂ ಕೃತಕ ಹೃದಯ ಕವಾಟದ ಮೇಲೆ ಪದರ ಗಟ್ಟಿಯಾಗುವ ಭಯವಿದೆ. ವಿಷ ಬೇಡವೋ ಪದರ ಬೇಡವೋ ಎಂದು ರೋಗಿಯನ್ನು ಕೇಳುವಂತಿಲ್ಲವಲ್ಲ!

ಜೊತೆಗೆ ಕೋರಂ ಸಂಕೇತವೊಂದೇ ಯಜಮಾನನಲ್ಲ. 1987ರಲ್ಲಿ ಪತ್ತೆಯಾದ ಸೈಕ್ಲಿಕ್ ಡೈ-ಜಿಎಂಪಿ ಎಂಬ ಅಣು ಕೋಶದೊಳಗೇ ಉಳಿದು, ಹೆಚ್ಚಾದಾಗ ಕೋಶವನ್ನು ನೆಲೆಯೂರಿಸುತ್ತದೆ, ಕಡಿಮೆಯಾದಾಗ ಈಜಲು ಬಿಡುತ್ತದೆ. ಸ್ಯೂಡೊಮೊನಾಸ್‌ನಲ್ಲಿ ಮೇಲ್ಮೈ ಸೋಕಿದ ಸುಳಿವಿಗೇ ಅದು ಏರುವುದುಂಟು. ನೆರೆಹೊರೆಯ ತಲೆಯೆಣಿಕೆಗೆ ಕಾಯಬೇಕಿಲ್ಲ.

ಪರವಾದಿಗಳು ನೆಚ್ಚಿಕೊಂಡ ಸ್ಯೂಡೊಮೊನಾಸ್‌ನ ಮಾತಿಗೇ ಬರೋಣ. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟುಕಫ ತುಂಬುವ ಆನುವಂಶಿಕ ಕಾಯಿಲೆ) ರೋಗಿಗಳ ಕಫದಲ್ಲಿ, ಸೋಂಕು ವರ್ಷಗಟ್ಟಲೆ ಎಳೆದಾಗ, ಲಾಸ್‌ಆರ್ ಜೀನ್ ಕೆಟ್ಟುಹೋದ ತಳಿಗಳು ಮೇಲಿಂದ ಮೇಲೆ ಸಿಗುತ್ತವೆ. ಔಷಧಿ ಕತ್ತರಿಸಬೇಕಾದ ತಂತಿಯನ್ನು ಅವು ತಾವಾಗಿಯೇ ಕಡಿದುಕೊಂಡಿವೆ, ಆದರೂ ಆ ಶ್ವಾಸಕೋಶದಿಂದ ಕದಲಿಲ್ಲ.